ನಾಸ್ಕಾರ್ ರೇಸನ್ನು ಸೊರಗಿಸಿದ ಗಾಳಿ

ಅಮೆರಿಕದ ಫ್ಲಾರಿಡಾದಲ್ಲಿ ನಡೆಯುವ ಡೇಟೋನಾ 500, ನಾಸ್ಕಾರ್ ಎಂಬ ಕಾರ್ ರೇಸ್ ಸರಣಿಯ ಅತಿ ದೊಡ್ಡ ರೇಸ್. 2006ರಲ್ಲಿ ಅದನ್ನು ಟಿವಿಯಲ್ಲಿ ನೋಡಿದವರು ಸುಮಾರು 1.9 ಕೋಟಿ. 2023ರ ಹೊತ್ತಿಗೆ ಆ ಸಂಖ್ಯೆ 80 ಲಕ್ಷದ ಆಸುಪಾಸಿಗೆ ಇಳಿದಿತ್ತು. ಕಾರಣಗಳು ಹಲವು. 2008ರ ಆರ್ಥಿಕ ಕುಸಿತದ ನಂತರ ನೂರಾರು ಮೈಲಿ ಗಾಡಿ ಓಡಿಸಿಕೊಂಡು ಬಂದು ಟ್ರ್ಯಾಕಿನ ಪಕ್ಕ ಬೀಡುಬಿಡುತ್ತಿದ್ದವರು ಕಡಿಮೆಯಾದರು. ಅನೇಕ ರೇಸ್‌ಗಳು ಕೇಬಲ್ ಚಾನೆಲ್‌ಗಳಿಗೆ ಹೋದವು. ಮೊದಲೆಲ್ಲ ಚಾಂಪಿಯನ್ ಯಾರೆಂದು ವರ್ಷವಿಡೀ ಗಳಿಸಿದ ಅಂಕ ತೀರ್ಮಾನಿಸುತ್ತಿತ್ತು. 2004ರಿಂದ ಕೊನೆಯ 10 ರೇಸ್‌ಗಳು, 2014ರಿಂದ 2025ರವರೆಗೆ ಕೊನೆಯ ಒಂದೇ ರೇಸ್ ಆ ಕೆಲಸ ಮಾಡಿದವು. ಇದಿಷ್ಟೂ ನಿಜ. ಆದರೆ ರೇಸಿನ ಜೀವಾಳಕ್ಕೇ ಪೆಟ್ಟು ಬಿದ್ದದ್ದು ಟ್ರ್ಯಾಕಿನ ಮೇಲೆ. ವೇಗವಾಗಿರುವ ಕಾರು ಕೂಡ ಮುಂದಿನ ಕಾರನ್ನು ದಾಟಲಾರದೆ ಹೋಯಿತು.

ಕಾರಿನ ಮೂತಿಯ ಕೆಳಗೆ ಚಾಚಿಕೊಂಡಿರುವ ಚಪ್ಪಟೆ ಹಲಗೆಗೆ ಸ್ಪ್ಲಿಟರ್ ಎನ್ನುತ್ತಾರೆ. ಡಿಕ್ಕಿಯ ಮೇಲೆ ನೆಟ್ಟಗೆ ನಿಂತ ಪಟ್ಟಿ ಸ್ಪಾಯ್ಲರ್. ಎದುರಿನಿಂದ ಬರುವ ಗಾಳಿಯ ಬಲದಲ್ಲಿ ಇವು ಕಾರನ್ನು ನೆಲಕ್ಕೆ ಒತ್ತುತ್ತವೆ. ವೇಗ ಎರಡು ಪಟ್ಟಾದರೆ ಈ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಿಂದಿನ ಕಾರಿಗೆ ಸಿಗುವುದು ಮಾತ್ರ ಮುಂದಿನ ಕಾರು ಕದಡಿಬಿಟ್ಟ ಗಾಳಿ. ನೇರ ದಾರಿಯಲ್ಲಿ ಅದರಿಂದ ಲಾಭವೇ: ಗಾಳಿಯ ತಡೆ ತಗ್ಗಿ ವೇಗ ಹೆಚ್ಚುತ್ತದೆ. ತಿರುವಿಗೆ ಬಂದೊಡನೆ ಅದೇ ಗಾಳಿ ಕೈಕೊಡುತ್ತದೆ. ಮುಂಚಕ್ರಗಳ ಹಿಡಿತ ಸಡಿಲಗೊಂಡು, ಸ್ಟೀರಿಂಗ್ ತಿರುಗಿಸಿದರೂ ಕಾರು ಹೊರಗೋಡೆಯತ್ತ ಜಾರುತ್ತದೆ. ತಂಡಗಳ ಮಾತಿನಲ್ಲಿ ಕಾರು ‘ಟೈಟ್’ ಆಯಿತು. ಚಾಲಕ ಆಕ್ಸಿಲರೇಟರ್ ಬಿಡಲೇಬೇಕು. ಅಷ್ಟರಲ್ಲಿ ಮುಂದಿನವನು ದೂರ ಸರಿದಿರುತ್ತಾನೆ.

ಈ ತೊಂದರೆ ಅತಿ ಹೆಚ್ಚು ಕಾಡುವುದು ಒಂದೂವರೆ ಮೈಲಿಯ, ಓರೆಯಾದ ತಿರುವುಗಳ ಟ್ರ್ಯಾಕುಗಳಲ್ಲಿ. ಟೆಕ್ಸಸ್, ಲಾಸ್ ವೇಗಸ್, ಕ್ಯಾನ್ಸಸ್, ಷಿಕಾಗೊಲ್ಯಾಂಡ್ ಎಂದು 1997ರಿಂದ 2001ರೊಳಗೆ ವೇಳಾಪಟ್ಟಿಗೆ ಸೇರಿದ ಹಲವು ಟ್ರ್ಯಾಕುಗಳು ಇಂಥವೇ. ಇತ್ತ 1996ರಲ್ಲಿ ನಾರ್ತ್ ವಿಲ್ಕ್ಸ್‌ಬರೊ, 2004ರಲ್ಲಿ ರಾಕಿಂಗ್‌ಹ್ಯಾಮ್ ಎಂಬ ಹಳೆಯ, ಇವಕ್ಕಿಂತ ಚಿಕ್ಕ ಟ್ರ್ಯಾಕುಗಳು ಪಟ್ಟಿಯಿಂದ ಹೊರಬಿದ್ದವು.

2001ರಲ್ಲಿ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ಡೇಟೋನಾದ ಕೊನೆಯ ಲ್ಯಾಪಿನಲ್ಲಿ ಗೋಡೆಗೆ ಬಡಿದು ಸತ್ತರು. ಅದರ ಬೆನ್ನಲ್ಲೇ ಕುತ್ತಿಗೆ ರಕ್ಷಿಸುವ ಹ್ಯಾನ್ಸ್ ಸಾಧನ ಕಡ್ಡಾಯವಾಯಿತು, ಪೆಟ್ಟನ್ನು ಹೀರಿಕೊಳ್ಳುವ ಗೋಡೆಗಳು ಬಂದವು, 2007ರಲ್ಲಿ ‘ಕಾರ್ ಆಫ್ ಟುಮಾರೊ’ ಎಂಬ ಹೊಸ ವಿನ್ಯಾಸದ ಕಾರು ಬಂತು. ಚಾವಣಿ ಎತ್ತರಗೊಂಡು, ಚಾಲಕನ ಸೀಟು ಕಾರಿನ ಮಧ್ಯದತ್ತ ಸರಿಯಿತು. ಅರ್ನ್‌ಹಾರ್ಟ್ ನಂತರ ಈ ಅಗ್ರ ಸರಣಿಯ ರೇಸಿನಲ್ಲಿ ಯಾರೂ ಸತ್ತಿಲ್ಲ. ಇದಕ್ಕಿಂತ ದೊಡ್ಡ ಸಾಧನೆ ನಾಸ್ಕಾರ್‌ಗೆ ಇನ್ನೊಂದಿಲ್ಲ.

ಅದಕ್ಕೆ ತೆತ್ತ ಬೆಲೆ 2008ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕಣ್ಣಿಗೆ ಬಿತ್ತು. ಹೊಸ ಕಾರಿನ ಗುರುತ್ವ ಕೇಂದ್ರ ಮೇಲಿತ್ತು, ಕಾರನ್ನು ನೆಲಕ್ಕೊತ್ತುವ ಗಾಳಿಯ ಬಲ, ಅಂದರೆ ಡೌನ್‌ಫೋರ್ಸ್, ಕಡಿಮೆಯಿತ್ತು. ತಿರುವಿನಲ್ಲಿ ಭಾರವೆಲ್ಲ ಬಲಗಡೆಯ ಟೈರುಗಳ ಮೇಲೆ ಬೀಳುತ್ತಿತ್ತು. ಅಲ್ಲಿನ ಒರಟು ನೆಲಕ್ಕೆ ರಬ್ಬರ್ ಅಂಟಿಕೊಂಡು ಮೆತ್ತಗಾಗಬೇಕಿತ್ತು. ಬದಲಿಗೆ ಪುಡಿಯಾಗಿ ಹಾರಿಹೋಯಿತು. ಟೈರು ಒಡೆಯುವ ಭಯಕ್ಕೆ ಸುಮಾರು 10-12 ಲ್ಯಾಪಿಗೊಮ್ಮೆ ಹಳದಿ ಬಾವುಟ ತೋರಿಸಿ ರೇಸನ್ನು ನಿಧಾನಗೊಳಿಸಬೇಕಾಯಿತು.

2019ರಲ್ಲಿ ಹುಡುಕಿದ ಪರಿಹಾರ ನನಗಂತೂ ತಪ್ಪು ದಾರಿಯೆನಿಸುತ್ತದೆ. ಕಾರುಗಳು ಗುಂಪಾಗಿ ಓಡಲೆಂದು ಸ್ಪಾಯ್ಲರನ್ನು 8 ಇಂಚಿಗೆ ಎತ್ತರಿಸಿ, ದೊಡ್ಡ ಟ್ರ್ಯಾಕುಗಳಲ್ಲಿ ಎಂಜಿನ್ ಶಕ್ತಿಯನ್ನು ಸುಮಾರು 550 ಅಶ್ವಶಕ್ತಿಗೆ ಇಳಿಸಿದರು. ಹಿಡಿತ ಹೆಚ್ಚು, ಶಕ್ತಿ ಕಡಿಮೆ ಎಂದಾಗ ತಿರುವಿನಲ್ಲೂ ಆಕ್ಸಿಲರೇಟರ್ ಹೆಚ್ಚುಕಡಿಮೆ ಪೂರ್ತಿ ಒತ್ತಿರಬಹುದು. ಎಲ್ಲರೂ ಹಾಗೆ ಓಡಿಸುವಾಗ ಒಬ್ಬ ಇನ್ನೊಬ್ಬನಿಗಿಂತ ತಡವಾಗಿ ಬ್ರೇಕ್ ಹಾಕಿ ಒಳನುಗ್ಗುವ ಅವಕಾಶ ಎಲ್ಲಿ?

2022ರ ‘ನೆಕ್ಸ್ಟ್ ಜೆನ್’ ಕಾರಿನಲ್ಲಿ ನೆಲಕ್ಕೊತ್ತುವ ಬಲದ ದೊಡ್ಡ ಪಾಲು ಕಾರಿನ ಅಡಿಯಿಂದಲೇ ಹುಟ್ಟುತ್ತದೆ. ಒಂದೂವರೆ ಮೈಲಿಯ ಟ್ರ್ಯಾಕುಗಳಲ್ಲಿ ಪೈಪೋಟಿ ಮತ್ತೆ ಚುರುಕಾಯಿತು. ಕೆಟ್ಟದ್ದು ಸಣ್ಣ ಟ್ರ್ಯಾಕುಗಳ ಗತಿ. 850 ಮೀಟರಿನ ಮಾರ್ಟಿನ್ಸ್‌ವಿಲ್ ನೋಡಿ. ಅಗಲ ಟೈರು, 18 ಇಂಚಿನ ಚಕ್ರದೊಳಗೆ ದೊಡ್ಡ ಬ್ರೇಕು. ಬ್ರೇಕ್ ಹಾಕುವ ದೂರವೇ ಕುಗ್ಗಿತು. ಮೊದಲು ಒಂದೇ ಗೇರಿನಲ್ಲಿ ಸುತ್ತುತ್ತಿದ್ದರು, ತಿರುವಿನಲ್ಲಿ ಎಡವಿದವನು ಇಡೀ ನೇರ ದಾರಿಯಲ್ಲಿ ಹಿಂದೆ ಬೀಳುತ್ತಿದ್ದ. ಈಗ ಗೇರ್ ಇಳಿಸಿ ತಪ್ಪನ್ನು ಸರಿದೂಗಿಸುತ್ತಾನೆ. ಅಶ್ವಶಕ್ತಿಯೂ 750ರಿಂದ 670ಕ್ಕೆ ಇಳಿದಿತ್ತು. 2022ರ ಏಪ್ರಿಲ್‌ನಲ್ಲಿ ಅಲ್ಲಿ ಇಬ್ಬರು ಚಾಲಕರೇ ಹೆಚ್ಚುಕಡಿಮೆ ಇಡೀ ರೇಸನ್ನು ಮುನ್ನಡೆಸಿದರು.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ? ಸವೆಯುವ ಟೈರು. 2024ರ ಮಾರ್ಚ್‌ನಲ್ಲಿ ಬ್ರಿಸ್ಟಲ್ ಟ್ರ್ಯಾಕಿನಲ್ಲಿ ರಬ್ಬರ್ ನೆಲಕ್ಕೆ ಅಂಟದೆ ಟೈರುಗಳು ಬೇಗ ಬೇಗ ಸವೆದವು. ತಾಳ್ಮೆಯಿಂದ ಓಡಿಸಿದವನು ಅವಸರ ಮಾಡಿದವನನ್ನು ಹಿಡಿಯುತ್ತಿದ್ದ. ಮುನ್ನಡೆ 54 ಬಾರಿ ಕೈಬದಲಾಯಿತು. ಸೆಪ್ಟೆಂಬರಿನಲ್ಲಿ ಅದೇ ಟ್ರ್ಯಾಕಿನಲ್ಲಿ ಟೈರು ಸವೆಯಲೇ ಇಲ್ಲ. 500 ಲ್ಯಾಪುಗಳಲ್ಲಿ 462ನ್ನು ಕೈಲ್ ಲಾರ್ಸನ್ ಒಬ್ಬರೇ ಮುನ್ನಡೆಸಿದರು. 2026ರಿಂದ ಸಣ್ಣ ಟ್ರ್ಯಾಕುಗಳಿಗೆ 750 ಅಶ್ವಶಕ್ತಿ ಮರಳಿಸಲು ನಾಸ್ಕಾರ್ ತೀರ್ಮಾನಿಸಿದ್ದೂ ಇದೇ ಲೆಕ್ಕದಿಂದ: ತಿರುವಿನಿಂದ ಹೊರಬರುವಾಗ ಹಿಂಚಕ್ರಗಳು ಜಾರಬೇಕು, ಜಾರಿದಷ್ಟೂ ಟೈರು ಸವೆಯಬೇಕು, ಆಕ್ಸಿಲರೇಟರನ್ನು ಎಲ್ಲಿ ಎಷ್ಟು ಒತ್ತಬೇಕೆಂಬುದು ಮತ್ತೆ ಚಾಲಕನ ಪಾದಕ್ಕೆ ಬಿಟ್ಟ ವಿಷಯವಾಗಬೇಕು.