ಮೊದಲು ಗಟಾರದ ಮಟ್ಟ ನೋಡಿ, ಆಮೇಲೆ ಮನವಿ ಬರೆಯಿರಿ

ಜೂನ್ ಬಂತೆಂದರೆ ಕಾರವಾರದ ನನ್ನ ಕಚೇರಿಗೆ ನಿವಾಸಿಗಳ ಸಂಘದವರು ಬರುವುದು ಜಾಸ್ತಿ. ಕೈಯಲ್ಲಿ ಒಂದು ಮನವಿ, ಮೊಬೈಲ್‌ನಲ್ಲಿ ಹತ್ತಾರು ಫೋಟೊ. ಅಂಗಳದಲ್ಲಿ ಮೊಣಕಾಲುದ್ದ ನೀರು, ತೇಲುತ್ತಿರುವ ಚಪ್ಪಲಿ. "ರಸ್ತೆ ಎತ್ತರ ಮಾಡಿಕೊಡಿ ಅಂತ ಬರೆದಿದ್ದೇವೆ ಸರ್, ಒಮ್ಮೆ ನೋಡಿಕೊಡಿ" ಅನ್ನುತ್ತಾರೆ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಈ ನೀರು ಎಲ್ಲಿಂದ ಬರ್ತದೆ, ಎಲ್ಲಿಗೆ ಹೋಗ್ಬೇಕು? ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಸಿವಿಲ್ ಎಂಜಿನಿಯರ್ ಆಗಿ ನಾನು ಹೇಳುವುದಿಷ್ಟು. ಸಂಘ ಮೊದಲು ಮಾಡಬೇಕಾದದ್ದು ತನ್ನ ಕೇರಿಯ ನಕ್ಷೆ. ನೀರಿನ ದಾರಿ ಗೊತ್ತಿಲ್ಲದೆ ಕೇಳಿದ ಕಾಮಗಾರಿ ಎಷ್ಟೋ ಸಲ ಕೇಳಿದವರಿಗೇ ತೊಂದರೆ ತರುತ್ತದೆ. ರಸ್ತೆ ಎತ್ತರಿಸುವುದನ್ನೇ ನೋಡಿ. ಹಳೆಯ ಡಾಂಬರು ತೆಗೆಯದೆ ಅದರ ಮೇಲೆಯೇ ಕಾಂಕ್ರೀಟ್ ಸುರಿಯುತ್ತಾರೆ. ರಸ್ತೆ ಒಂದು ಗೇಣು ಮೇಲೆ ಬರುತ್ತದೆ, ಪಕ್ಕದ ಮನೆಗಳು ಅಷ್ಟೇ ಕೆಳಗೆ ಹೋಗುತ್ತವೆ. ಮೊದಲು ರಸ್ತೆಯಲ್ಲಿ ನಿಲ್ಲುತ್ತಿದ್ದ ನೀರು ಈಗ ಅಡುಗೆಮನೆಗೆ ಬರುತ್ತದೆ.

ನಮ್ಮ ಕರಾವಳಿಯ ಒಂದು ಬಡಾವಣೆಯಲ್ಲಿ ನಡೆದದ್ದು ಹೇಳುತ್ತೇನೆ. ಅಲ್ಲಿ ಗಟಾರ ಹೊಸದು, ಗಟ್ಟಿಯಾಗಿಯೂ ಇತ್ತು. ಆದರೂ ಪ್ರತಿ ಮಳೆಗೆ ನೀರು ಉಕ್ಕುತ್ತಿತ್ತು. "ಇನ್ನೂ ಅಗಲದ ಗಟಾರ ಬೇಕು" ಎಂದು ಸಂಘದವರು ಬರೆಯಲು ಹೊರಟಿದ್ದರು. ತಡೆಯಿರಿ ಎಂದೆ. ಒಂದು ಭಾನುವಾರ ಮೇಸ್ತ್ರಿಯೊಬ್ಬರು ಲೆವೆಲ್ ಪೈಪು ತಂದರು. ಅದೊಂದು ತೆಳ್ಳಗಿನ ಪಾರದರ್ಶಕ ಪೈಪು. ಒಳಗೆ ಗುಳ್ಳೆ ಇರದ ಹಾಗೆ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಚಿರೆಕಲ್ಲಿನ ಕಂಪೌಂಡಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಮನೆಯಿಂದ ಮನೆಗೆ ಹೋದೆವು. ಪ್ರತಿ ಗೆರೆಯಿಂದ ಗಟಾರದ ತಳಕ್ಕೆ ಟೇಪು ಹಿಡಿದೆವು. ನಿವೃತ್ತ ಅಕ್ಕೋರೊಬ್ಬರು (ಶಿಕ್ಷಕಿ) ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ನೀರು ಹೊರಗೆ ಹೋಗಬೇಕಾದ ತುದಿಯಲ್ಲೇ ಗಟಾರದ ತಳ ನಾಲ್ಕು ಬೆರಳು ಎತ್ತರ ಇತ್ತು! "ಅಂದ್ರೆ ನೀರು ಗುಡ್ಡ ಹತ್ಬೇಕಲ್ಲ ಮಾರಾಯ್ರೆ" ಎಂದರು ಅಕ್ಕೋರು. ಸಮತಟ್ಟು ಜಾಗದಲ್ಲೂ ನೂರು ಮೀಟರ್ ಗಟಾರಕ್ಕೆ ಕನಿಷ್ಠ ಒಂದು ಗೇಣು ಇಳಿಜಾರು ಬೇಕು. ಆ ಗಟಾರವನ್ನು ಎರಡು ಪಟ್ಟು ಅಗಲ ಮಾಡಿದ್ದರೂ ನೀರು ಹೋಗುತ್ತಿರಲಿಲ್ಲ.

ಕರಾವಳಿಯಲ್ಲಿ ಇನ್ನೊಂದು ಲೆಕ್ಕ ಇದೆ, ಘಟ್ಟದ ಮೇಲಿನವರಿಗೆ ಇಲ್ಲದ್ದು. ನಮ್ಮ ಗಟಾರಗಳ ನೀರು ಕೊನೆಗೆ ಸೇರುವುದು ಸಮುದ್ರ, ಕಾಳಿಯಂಥ ನದಿ ಇಲ್ಲವೇ ಗಜನಿ, ಅಂದರೆ ಉಬ್ಬರದ ಉಪ್ಪುನೀರು ಬರುವ ತಗ್ಗು ಗದ್ದೆ. ದಿನಕ್ಕೆ ಎರಡು ಸಲ ಉಬ್ಬರ ಬರುತ್ತದೆ. ಆಗ ಹೊರಗಿನ ನೀರಿನ ಮಟ್ಟವೇ ಏರುವುದರಿಂದ ಒಳಗಿನ ನೀರು ಹೊರಗೆ ಹೋಗದೆ ನಿಲ್ಲುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಇದು ಇನ್ನೂ ಜೋರು. ಅದೇ ಹೊತ್ತಿಗೆ ದೊಡ್ಡ ಮಳೆ ಬಿದ್ದರೆ ನೀರು ನಿಲ್ಲಲು ಒಂದು ಜಾಗ ಬೇಕು. ಮೊದಲು ಗಜನಿ, ಗದ್ದೆಗಳು ಆ ಜಾಗವಾಗಿದ್ದವು. ಅವಕ್ಕೆ ಮಣ್ಣು ತುಂಬಿ ನಿವೇಶನ ಮಾಡಿದರೆ ನೀರು ಬೇರೆ ಕಡೆ ಜಾಗ ಹುಡುಕುತ್ತದೆ, ಅಲ್ವಾ? ಹಾಗಾಗಿ ನೀರು ನುಗ್ಗಿದ ದಿನಾಂಕ, ಗಂಟೆ ಬರೆದಿಡಿ ಎಂದು ಎಲ್ಲ ಸಂಘಕ್ಕೂ ಹೇಳುತ್ತೇನೆ. ಆಮೇಲೆ ಉಬ್ಬರದ ಸಮಯದ ಜೊತೆ ಹೋಲಿಸಿ. ಎರಡು ಮಳೆಗಾಲ ಬರೆದಿಟ್ಟರೆ ತೊಂದರೆ ಗಟಾರದ್ದೋ ಉಬ್ಬರದ್ದೋ ಗೊತ್ತಾಗುತ್ತದೆ.

ನಮ್ಮ ಅಂಗಳದ ಮಾತೂ ಆಡಬೇಕು. ಒಂದು ಗುಂಟೆ ಜಾಗದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 10,000 ಲೀಟರ್ ನೀರು. ಆಷಾಢದಲ್ಲಿ ನಮಗೆ ಅಂಥ ದಿನ ಅಪರೂಪವೇನೂ ಅಲ್ಲ. ಅಂಗಳ ಮಣ್ಣಿನದಾಗಿದ್ದರೆ ಒಂದಿಷ್ಟು ಇಂಗುತ್ತದೆ. ಪೂರ್ತಿ ಇಂಟರ್‌ಲಾಕ್ ಹಾಕಿದ ಅಂಗಳದ ನೀರು ಬಹುಪಾಲು ಗೇಟಿನಿಂದ ರಸ್ತೆಗೆ ಬರುತ್ತದೆ. ಐವತ್ತು ಮನೆಯವರು ಹೀಗೆ ಮಾಡಿದರೆ ಯಾವ ಗಟಾರ ತಡೆದೀತು? ಸಂಘದ ಸಭೆಯಲ್ಲಿ ಈ ಮಾತು ಎತ್ತಿದರೆ ಕೆಲವರಿಗೆ ಬೇಜಾರಾಗುತ್ತದೆ. ಆದರೂ ಎತ್ತಿ.

ನಕ್ಷೆಯಲ್ಲಿ ಯಾವ ತುಂಡು ಯಾರದ್ದು ಎಂದೂ ಗುರುತು ಹಾಕಿ. ಒಂದೇ ಗಟಾರ ನಗರಸಭೆಯ ರಸ್ತೆಯಲ್ಲಿ ಹುಟ್ಟಿ, ಲೋಕೋಪಯೋಗಿ ರಸ್ತೆ ದಾಟಿ, ರಾಷ್ಟ್ರೀಯ ಹೆದ್ದಾರಿ 66ರ ಮೋರಿಯಲ್ಲಿ ಹೊರಗೆ ಹೋಗಬಹುದು. ತಪ್ಪು ಕಚೇರಿಗೆ ಕೊಟ್ಟ ಮನವಿ ಸುಮ್ನೆ ಮೇಜಿನಿಂದ ಮೇಜಿಗೆ ತಿರುಗುತ್ತದೆ. ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪ್ರತಿ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಸಂಘ ನೋಂದಣಿಗೆ ಏಳು ಜನ ಸಾಕು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಮಾಡಿಸಬಹುದು. ಮನವಿ ಕೊಡಲು ನೋಂದಣಿ ಬೇಕೇ ಬೇಕು ಅಂತಿಲ್ಲ, ಬ್ಯಾಂಕ್ ಖಾತೆಗೆ ಅನುಕೂಲ.

ಬಡಾವಣೆಯ ಮಂಜೂರಾದ ನಕ್ಷೆಯ ಪ್ರತಿಯನ್ನು ಮಾತ್ರ ಇವತ್ತೇ ತರಿಸಿಕೊಳ್ಳಿ. ಅದರಲ್ಲಿ ಪಾರ್ಕಿಗೆ ಬಿಟ್ಟ ಜಾಗ, ಹಳ್ಳದ ಗೆರೆ ಎಲ್ಲಾ ಇರುತ್ತವೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಆ ಜಾಗ ಪಾರ್ಕಿನದ್ದು ಎಂದು ಬಡಾವಣೆಯ ಯೋಜನೆಯಲ್ಲೇ ಇತ್ತು. ಊರಿನ ಮಾಸ್ಟರ್ ಪ್ಲ್ಯಾನ್ ಪ್ರಕಟವಾದಾಗ ಆಕ್ಷೇಪಣೆಗೆ 60 ದಿನ ಸಿಗುತ್ತದೆ. ನಿಮ್ಮ ಕೇರಿಯ ಹಳ್ಳ ಅದರಲ್ಲಿ ಕಾಣದಿದ್ದರೆ ಆಗಲೇ ಬರೆದು ಕೊಡಬೇಕು.

ನಾವು ಲೆವೆಲ್ ಪೈಪು ಹಿಡಿದು ಅಳೆದ ಕರಾವಳಿಯ ಆ ಬಡಾವಣೆಯವರ ಹೊಸ ಮನವಿ ಒಂದೇ ಪುಟದ್ದು. ಜೊತೆಗೆ ಅಕ್ಕೋರು ಬರೆದ ಅಳತೆ, ಕೈಯಲ್ಲಿ ಎಳೆದ ನಕ್ಷೆ. ಎಂಜಿನಿಯರ್ ಬಂದು ನೋಡಿದರು. ತುದಿಯ ಮೂವತ್ತು ಮೀಟರ್ ತಳ ಒಡೆದು, ಇಳಿಜಾರು ಕೊಟ್ಟು ಮತ್ತೆ ಹಾಕಿಸಿದರು. ಕಳೆದ ಮಳೆಗಾಲದಲ್ಲಿ ಎರಡು ದಿನ ನೀರು ಬಂತಂತೆ, ಎರಡೂ ಅಮಾವಾಸ್ಯೆಯ ಆಸುಪಾಸು. ಗಂಟೆ ಸಮೇತ ಬರೆದಿಟ್ಟಿದ್ದಾರೆ. ಈಗ ಗಟಾರದ ಬಾಯಿಗೆ ಬಂದು ಕೂರುವ ಮರಳನ್ನು ಮೇ ತಿಂಗಳಲ್ಲೇ ತೆಗೆಸಲು ಓಡಾಡುತ್ತಿದ್ದಾರೆ.