ಊರಿನ ಮೆಕ್ಕೆಜೋಳ ತಿಂದ ಲದ್ದಿ ಹುಳು ಪುಣೆಯಲ್ಲೂ ಇದೆಯಾ?

ಪ್ರಶ್ನೆ: ನಮ್ಮೂರು ಹಾವೇರಿ ಕಡೆ. ಅಲ್ಲಿ ಮೆಕ್ಕೆಜೋಳಕ್ಕೆ ಲದ್ದಿ ಹುಳು ಬಿದ್ದು ಅಪ್ಪ ಪಟ್ಟ ಪಾಡು ನೋಡಿದ್ದೇನೆ. ಈಗ ಪುಣೆಯ ಹಿಂಜೆವಾಡಿಯಲ್ಲಿದ್ದೇವೆ. ಮಳೆ ಶುರುವಾದ ಮೇಲೆ ಬಾಲ್ಕನಿ ಲೈಟಿಗೆ ಕಂದು ಪತಂಗಗಳು ಮುತ್ತುತ್ತವೆ. ಸೊಸೈಟಿಯ ಲಾನ್ ಅಲ್ಲಲ್ಲಿ ಒಣಗಿದೆ. ಅದೇ ಹುಳು ಇಲ್ಲಿಗೂ ಬಂದಿದೆಯಾ?

ಉತ್ತರ: ಪುಣೆ ಜಿಲ್ಲೆಗೆ ಬಂದು ವರ್ಷಗಳೇ ಆದವು. ನಿಮ್ಮ ಲಾನಿನಲ್ಲಿರುವುದು ಅದೇನಾ ಅನ್ನುವುದು ಬೇರೆ ಮಾತು. ಮಳೆಗಾಲ ಬಂತೆಂದರೆ ಇಲ್ಲಿನ ಕನ್ನಡಿಗರು ಒಂದಲ್ಲ ಒಂದು ರೂಪದಲ್ಲಿ ಕೇಳುವ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಿಮ್ಮೂರಿನ ಲದ್ದಿ ಹುಳು ಒಂದು ಪತಂಗದ ಮರಿ. ಆ ಪತಂಗ ಸ್ಪೊಡಾಪ್ಟೆರಾ ಫ್ರುಜಿಪರ್ಡಾ, ಅಂದರೆ ಫಾಲ್ ಆರ್ಮಿವರ್ಮ್. ಇಲ್ಲಿನ ರೈತರ ಬಾಯಲ್ಲಿ ಲಷ್ಕರಿ ಅಳಿ, ಅಂದರೆ ಮರಾಠಿಯಲ್ಲಿ ಸೈನಿಕ ಹುಳು. ತವರು ಅಮೆರಿಕ ಖಂಡದ ಬಿಸಿ ಪ್ರದೇಶ. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಮೊದಲು ಸಿಕ್ಕಿಬಿದ್ದದ್ದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲೇ, 2018ರ ಮೇ ತಿಂಗಳಲ್ಲಿ. ಅದೇ ವರ್ಷ ಮಹಾರಾಷ್ಟ್ರಕ್ಕೂ ಬಂತು, ಸಾಂಗ್ಲಿ ಕಡೆ ಕಬ್ಬಿನಲ್ಲೂ ಸಿಕ್ಕಿತು. 2020ರ ಹೊತ್ತಿಗೆ ಆಸ್ಟ್ರೇಲಿಯಾ ತಲುಪಿತ್ತು. ಗಾಳಿ ಹಿಡಿದರೆ ಒಂದೇ ರಾತ್ರಿಯಲ್ಲಿ 100 ಕಿಲೋಮೀಟರ್ ಹಾರುವ ಜೀವಕ್ಕೆ ಜಿಲ್ಲೆ, ರಾಜ್ಯ ಅಂತೆಲ್ಲ ಏನು ಲೆಕ್ಕ?

ಇದಕ್ಕೆ ಮುಖ್ಯವಾಗಿ ಬೇಕಾದದ್ದು ಎರಡು: ಎಳೆ ಹುಲ್ಲು (ಮೆಕ್ಕೆಜೋಳ, ಜೋಳ, ಕಬ್ಬು ಕೂಡ ಹುಲ್ಲಿನ ಜಾತಿಯೇ), ಹಿಮ ಬೀಳದ ಚಳಿಗಾಲ. ಬೇರೆ ಎಷ್ಟೋ ಪತಂಗಗಳು ಚಳಿ ಕಳೆಯುವ ತನಕ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತವೆ. ಇದಕ್ಕೆ ಆ ವಿದ್ಯೆ ಗೊತ್ತಿಲ್ಲ. ಅಮೆರಿಕದಲ್ಲೇ ನೋಡಿ, ಚಳಿಗಾಲದಲ್ಲಿ ಬದುಕಿ ಉಳಿಯುವುದು ದಕ್ಷಿಣ ಫ್ಲಾರಿಡಾ, ದಕ್ಷಿಣ ಟೆಕ್ಸಾಸ್‌ನಂಥ ಕಡೆ ಮಾತ್ರ. ಪ್ರತಿ ಬೇಸಿಗೆಯಲ್ಲಿ ಅಲ್ಲಿಂದ ಕೆನಡಾದ ತನಕ ಹೋಗುತ್ತದೆ, ಹಿಮ ಬಿದ್ದಾಗ ಹೋದದ್ದೆಲ್ಲ ಸಾಯುತ್ತದೆ. ಪುಣೆಯಲ್ಲಿ ಡಿಸೆಂಬರ್ ರಾತ್ರಿ 10 ಡಿಗ್ರಿಗೆ ಇಳಿದರೂ ಹಗಲು ಬಿಸಿಲು ಕಾಯುತ್ತದೆ. ಬೆಳವಣಿಗೆ ನಿಧಾನವಾಗುತ್ತದೆ, ಅಷ್ಟೇ. ಬೆಚ್ಚಗಿದ್ದಾಗ ಸುಮಾರು 30 ದಿನದಲ್ಲಿ ಮೊಟ್ಟೆಯಿಂದ ಪತಂಗವಾಗುತ್ತದೆ.

ಇನ್ನು ಊಟ. ಜಿಲ್ಲೆಯ ಪೂರ್ವಕ್ಕೆ, ಬಾರಾಮತಿ, ಇಂದಾಪುರ, ದೌಂಡ್ ಕಡೆ ಹೋದರೆ ಕಾಲುವೆ ನೀರು, ಕಬ್ಬು, ಹಸು. ಹಸುಗಳಿಗೆ ಮುರಘಾಸ್ (ಹುದುಗಿಸಿ ಇಡುವ ಹಸಿ ಮೇವು) ಮಾಡಲು ಮೆಕ್ಕೆಜೋಳ ಬೆಳೆಯುತ್ತಾರೆ. ಒಂದು ತುಂಡು ಹೊಲ ಕೊಯ್ದಾಗ ಪಕ್ಕದ್ದರಲ್ಲಿ ಸುಳಿ ಬಿಡುತ್ತಿರುತ್ತದೆ. ಸೆಪ್ಟೆಂಬರ್-ಅಕ್ಟೋಬರ್‌ಗೆ ಹಿಂಗಾರಿ ಜೋಳ ಶುರು. ವರ್ಷದ ಯಾವ ತಿಂಗಳಲ್ಲೂ ಇದಕ್ಕೆ ಉಪವಾಸವಿಲ್ಲ.

ಅದೇ ಜಿಲ್ಲೆಯ ಪಶ್ಚಿಮಕ್ಕೆ ಬನ್ನಿ, ಕತೆಯೇ ಬೇರೆ. ಇಂದಾಪುರದಲ್ಲಿ ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆಯಾದರೆ ಲೋನಾವಳದಲ್ಲಿ 4000 ದಾಟುವುದುಂಟು. ಜೋರು ಮಳೆಗೆ ಸುಳಿಯೊಳಗೆ ನೀರು ತುಂಬಿ ಮರಿಹುಳುಗಳು ಮುಳುಗಿ ಸಾಯುತ್ತವೆ. ತೇವ ಹಿಡಿದರೆ ಒಂದು ಬಗೆಯ ಶಿಲೀಂಧ್ರವೂ ಹತ್ತುತ್ತದೆ. ಎಲೆಗೆ ಕಚ್ಚಿಕೊಂಡಂತೆಯೇ ಸೆಟೆದು ಸತ್ತ ಹುಳು ಕಾಣುತ್ತದೆ. ಮೊದಲು ಬಿಳಿ ಬೂಷ್ಟು, ಆಮೇಲೆ ಅದೇ ತಿಳಿ ಹಸಿರು. ಇಂಥ ಹುಳುವನ್ನು ಹೊಲದಿಂದ ಕಿತ್ತೆಸೆಯಬಾರದು, ಅಲ್ಲೇ ಇದ್ದರೆ ಉಳಿದವಕ್ಕೂ ರೋಗ ಅಂಟುತ್ತದೆ. ಇನ್ನು ಲೋನಾವಳ ಸುತ್ತಿನ ಮಾವಳ ತಾಲ್ಲೂಕಿನ ಭತ್ತದಲ್ಲಿ ತೆನೆ ಕತ್ತರಿಸುವ ಲಷ್ಕರಿ ಅಳಿಯ ಮಾತು ಕೇಳಿದರೆ ಇದೇ ಅಂದುಕೊಳ್ಳಬೇಡಿ. ಅದು ಮಿತಿಮ್ನಾ ಸೆಪರೇಟಾ, ಏಷ್ಯಾದ್ದೇ ಹಳೇ ಪತಂಗ. 2018ಕ್ಕಿಂತ ಮುಂಚೆ ನಮ್ಮ ಕಡೆಯೂ ಸೈನಿಕ ಹುಳು ಅಂದರೆ ಅದೇ ಆಗಿತ್ತು.

ಈಗ ನಿಮ್ಮ ಲಾನ್. ಗಣಪತಿಗೆ ಏರಿಸುವ ಗರಿಕೆಯೂ ಈ ಹುಳುವಿನ ಊಟದ ಪಟ್ಟಿಯಲ್ಲಿದೆ. ಅಮೆರಿಕದಲ್ಲಿ ಗರಿಕೆಯ ಲಾನ್‌ಗಳಿಗೆ ಇದರ ಕಾಟ ಹಳೆಯದು. ಇದರಲ್ಲೇ ಎರಡು ಪಂಗಡಗಳಿವೆ. ಒಂದಕ್ಕೆ ಮೆಕ್ಕೆಜೋಳ, ಜೋಳ ಇಷ್ಟ. ಇನ್ನೊಂದಕ್ಕೆ ಭತ್ತ, ಗರಿಕೆ. ಕಣ್ಣಿಗೆ ಎರಡೂ ಒಂದೇ, ಡಿಎನ್‌ಎ ನೋಡಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಭಾರತದಲ್ಲಿ ಹಾವಳಿ ಬಹುಪಾಲು ಮೆಕ್ಕೆಜೋಳದ ಮೇಲೆಯೇ. ಲಾನ್ ತಿನ್ನುವುದಕ್ಕೆ ಇದರದೇ ದಾಯಾದಿ ಸ್ಪೊಡಾಪ್ಟೆರಾ ಮಾರಿಷಿಯಾ ಮೊದಲಿಂದಲೂ ನಮ್ಮಲ್ಲಿದೆ. ನನಗೆ ಅನುಮಾನ ಜಾಸ್ತಿ ಅದರ ಮೇಲೆಯೇ.

ಊಹೆ ಯಾಕೆ, ನೋಡೇ ಬಿಡಿ. ಮೊದಲು ಹುಳು ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ನೀರು ಸಾಲದೆಯೂ ಲಾನ್ ಒಣಗುತ್ತದೆ ಅಲ್ವಾ? ಒಣಗಿದ ಜಾಗದಲ್ಲಲ್ಲ, ಅದರ ಅಂಚಿನ ಹಸಿರಿನ ಮೇಲೆ ಒಂದು ಬಕೆಟ್ ಸೋಪಿನ ನೀರು ಸುರಿಯಿರಿ. ಹುಳುಗಳಿದ್ದರೆ ಕೆಲವೇ ನಿಮಿಷದಲ್ಲಿ ಮೇಲೆ ಬರುತ್ತವೆ. ದೊಡ್ಡದೊಂದನ್ನು ಹಿಡಿದು ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ನೋಡಿ. ಲದ್ದಿ ಹುಳುವಾದರೆ ಹಣೆಯ ಮೇಲೆ ಮಸುಕು ಬಣ್ಣದ ತಲೆಕೆಳಗಾದ ಇಂಗ್ಲಿಷ್ ವೈ (Y) ಅಕ್ಷರ ಇರುತ್ತದೆ. ಹಿಂಭಾಗದಲ್ಲಿ, ಬಾಲಕ್ಕಿಂತ ಸ್ವಲ್ಪ ಮುಂಚೆ, ನಾಲ್ಕು ಕಪ್ಪು ಚುಕ್ಕೆ ಚೌಕವಾಗಿ ಕೂತಿರುತ್ತವೆ. ಆ ಚೌಕವೇ ದೊಡ್ಡ ಗುರುತು.

ಬಾಲ್ಕನಿಗೆ ಬರುವ ಕಂದು ಪತಂಗಗಳಿಂದ ಏನನ್ನೂ ತೀರ್ಮಾನಿಸಬೇಡಿ. ಮಳೆಗಾಲದಲ್ಲಿ ಲೈಟಿಗೆ ಬರುವವು ಹತ್ತಾರು ಜಾತಿ. ಗಂಡು ಲದ್ದಿ ಪತಂಗಕ್ಕೆ ಮುಂದಿನ ರೆಕ್ಕೆಯ ತುದಿಯಲ್ಲಿ ಬಿಳಿ ಮಚ್ಚೆ ಇರುತ್ತದೆ. ಹೆಣ್ಣು ಬರೀ ಬೂದು-ಕಂದು, ಗುರುತು ಹಿಡಿಯುವುದು ಕಷ್ಟ. ಹುಳು ಕಣ್ಣಿಗೆ ಬೀಳದ ಹೊರತು ಸೊಸೈಟಿಯವರು ಔಷಧಿ ಹೊಡೆಸಲು ಹೊರಟರೆ ಬೇಡ ಅನ್ನಿ. ಲಾನಿನಲ್ಲಿ ಮೈನಾ, ಬೆಳ್ಳಕ್ಕಿ ಹೆಕ್ಕುತ್ತಿದ್ದರೆ ಆ ಕೆಲಸ ಅವೇ ಮಾಡುತ್ತಿವೆ.