ಥೆಸಲೋನಿಕಿಯ ಮೊದಲ ದಿನ: ಸಂಜೆ ಏಳಕ್ಕೆ ಊಟ ಹುಡುಕಬೇಡಿ

ಗ್ರೀಸಿಗೆ ಹೊರಟ ದಂಪತಿಗಳಿಗೆ ದಿನದಿನದ ಪ್ರವಾಸ ಜೋಡಿಸಿಕೊಡುವುದು ನನ್ನ ಕೆಲಸ. ವೀಸಾ, ಟಿಕೆಟ್, ಹೋಟೆಲ್ ವಿಚಾರ ಇಲ್ಲಿ ಬರೆಯುವುದಿಲ್ಲ, ಅದನ್ನೆಲ್ಲ ಈಗ ಎಲ್ಲರೂ ಚೆನ್ನಾಗಿಯೇ ನಿಭಾಯಿಸುತ್ತಾರೆ. ನನ್ನ ತಲೆ ತಿನ್ನುವುದು ಮೊದಲ ದಿನ ಸಂಜೆ ಬರುವ ಫೋನು. "ಸರ್, ಇಲ್ಲಿ ಊಟ ಸರಿಯಿಲ್ಲ. ನಮಗೆ ತಿನ್ನೋಕೆ ಏನೂ ಸಿಗ್ತಿಲ್ಲ." ಎಷ್ಟು ಗಂಟೆಗೆ ಹೋಗಿದ್ರಿ ಅಂತ ಕೇಳಿದರೆ ಆರೂವರೆ, ಏಳು. ಎಲ್ಲಿ ಕೂತಿದ್ರಿ ಅಂದರೆ ಸಮುದ್ರದ ದಂಡೆಯಲ್ಲಿ, ಬಾಗಿಲ ಬಳಿ ಫೋಟೊ ಮೆನು ಹಿಡಿದು ಕರೆಯುವ ಕಡೆ.

ಆ ಊರಿನಲ್ಲಿ ಊಟ ಚೆನ್ನಾಗಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ಗ್ರೀಸಿನಿಂದ ಯುನೆಸ್ಕೊದ ಪಾಕಕಲೆಯ ನಗರಗಳ ಪಟ್ಟಿಗೆ ಮೊದಲು ಸೇರಿದ ಊರು ಥೆಸಲೋನಿಕಿ, 2021ರಲ್ಲಿ. ತಪ್ಪಿರುವುದು ನೀವು ಹೋದ ಹೊತ್ತು. ಇದನ್ನು ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದ್ದರಿಂದ ಬಿಡಿಸಿ ಬರೆಯುತ್ತೇನೆ.

ಬೇಸಿಗೆಯಲ್ಲಿ ಗ್ರೀಸಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಮೂರೂವರೆ ಗಂಟೆ ಹಿಂದೆ. ಮನೆಯಲ್ಲಿ ರಾತ್ರಿ ಎಂಟಕ್ಕೆ ತಟ್ಟೆ ಹಾಕುವ ಅಭ್ಯಾಸವಿದ್ದವರ ಹೊಟ್ಟೆ ಅಲ್ಲಿ ಸಂಜೆ ಐದೂವರೆಗೇ ಚುರುಗುಟ್ಟುತ್ತದೆ. ಊರಿನವರು ರಾತ್ರಿ ಊಟಕ್ಕೆ ಕೂರುವುದು ಒಂಬತ್ತರ ಮೇಲೆ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ಒಂಬತ್ತರ ಸುಮಾರಿಗೆ. ಏಳು ಗಂಟೆಗೆ ಒಳ್ಳೆಯ ತವೆರ್ನಾಗಳಲ್ಲಿ, ಅಂದರೆ ಅಲ್ಲಿನ ಊಟದಮನೆಗಳಲ್ಲಿ, ಮೇಜು ಒರೆಸುತ್ತಿರುತ್ತಾರೆ, ಒಲೆ ಇನ್ನೂ ಸರಿಯಾಗಿ ಹತ್ತಿರುವುದಿಲ್ಲ. ಆ ಹೊತ್ತಿಗೆ ನಿಮ್ಮನ್ನು ಕರೆದು ಕೂರಿಸುವವರು ಪ್ರವಾಸಿಗರಿಗಾಗಿಯೇ ದಿನವಿಡೀ ಬಾಗಿಲು ತೆರೆದಿರುವವರು. ಸಿಗುವುದು ಮೈಕ್ರೊವೇವಿನಲ್ಲಿ ಬಿಸಿಯಾದ ಪಾಸ್ತಾ.

ಇದೇ ಎರಡೂವರೆ ಗಂಟೆ ಬೆಳಿಗ್ಗೆ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಇದನ್ನು ಯಾರೂ ಬಳಸಿಕೊಳ್ಳುವುದಿಲ್ಲ. ನಮ್ಮೂರಲ್ಲಿ ಆರೂವರೆಗೆ ಏಳುವವರಿಗೆ ಅಲ್ಲಿ ನಾಲ್ಕಕ್ಕೇ ನಿದ್ದೆ ಹಾರಿಹೋಗುತ್ತದೆ. ನಾಲ್ಕೂವರೆಗೆ "ನಿದ್ದೆ ಬರ್ತಿಲ್ಲ, ಏನ್ ಮಾಡೋದು" ಅಂತ ಮೆಸೇಜು ಹಾಕಿ, ಹೋಟೆಲಿನ ತಿಂಡಿಗೆ ಎಂಟರವರೆಗೆ ಕಾಯುತ್ತಾರೆ. ದಯವಿಟ್ಟು ಕಾಯಬೇಡಿ, ಬೆಳಕು ಹರಿಯುತ್ತಲೇ ಹೊರಡಿ. ದಂಡೆಯ ಮೇಲಿನ ಹಳೆಯ ಕೋಟೆಬುರುಜು, ಬಿಳಿ ಗೋಪುರದ ಹತ್ತಿರದಿಂದ ಪೂರ್ವಕ್ಕೆ ಕಡಲಂಚಿನ ನಡಿಗೆಹಾದಿ ಕಿಲೋಮೀಟರುಗಟ್ಟಲೆ ಸಾಗುತ್ತದೆ. ಆ ಹಾದಿಯಲ್ಲಿ ಝೊಂಗೊಲೊಪುಲೊಸ್ ಎಂಬ ಶಿಲ್ಪಿ ಮಾಡಿದ ಲೋಹದ ಕೊಡೆಗಳಿವೆ. ಊರು ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಗಿದ್ದ 1997ರಲ್ಲಿ ನಿಲ್ಲಿಸಿದ್ದು. ಹವೆ ತಿಳಿಯಾಗಿದ್ದರೆ ಕೊಲ್ಲಿಯಾಚೆ 2,900 ಮೀಟರಿಗೂ ಎತ್ತರದ ಒಲಿಂಪಸ್ ಬೆಟ್ಟ ಕಾಣುತ್ತದೆ. ಮಧ್ಯಾಹ್ನದ ಮಬ್ಬಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಆಮೇಲೆ ಬುಗಾತ್ಸ. ಇದು ಬೆಳಗಿನ ತಿಂಡಿ, ಅಂಗಡಿಗಳು ನಸುಕಿನಲ್ಲೇ ತೆರೆಯುತ್ತವೆ, ಹಲವು ಮಧ್ಯಾಹ್ನಕ್ಕೆ ಮುಚ್ಚುತ್ತವೆ. ಒಂದೆರಡು ಹಳೆಯ ಅಂಗಡಿಗಳಲ್ಲಿ ಕಲಸಿದ ಹಿಟ್ಟನ್ನು ಹಿಗ್ಗಿಸುವುದನ್ನು ನಿಂತು ನೋಡಬಹುದು. ಎಣ್ಣೆ ಸವರಿದ ಕಲ್ಲಿನ ಮೇಜಿನ ಮೇಲೆ ಮುಷ್ಟಿಗಾತ್ರದ ಉಂಡೆಯನ್ನು ಗಾಳಿಯಲ್ಲಿ ಬೀಸಿ ಬೀಸಿ, ಆಚೆಗಿರುವುದು ಕಾಣುವಷ್ಟು ತೆಳ್ಳಗೆ ಮಾಡುತ್ತಾರೆ. ಒಳಗೆ ಹಾಲು-ರವೆಯ ಗಟ್ಟಿ ಕ್ರೀಮು. ಒಲೆಯಿಂದ ಬಂದ ಮೇಲೆ ಅಗಲವಾದ ಕತ್ತಿಯಿಂದ ಟಕಟಕ ಅಂತ ಚೂರು ಮಾಡಿ, ಮೇಲೆ ಪುಡಿಸಕ್ಕರೆ, ದಾಲ್ಚಿನ್ನಿ ಉದುರಿಸುತ್ತಾರೆ. ಚಿರೋಟಿ ತಿಂದು ಬೆಳೆದವರಿಗೆ ಆ ಪದರ ಮುರಿಯುವ ಸದ್ದಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಚೀಸ್, ಪಾಲಕ್ ತುಂಬಿದ್ದೂ ಇರುತ್ತದೆ, ಕೊಚ್ಚಿದ ಮಾಂಸ ತುಂಬಿದ್ದೂ ಇರುತ್ತದೆ. ಹೊರಗಿನಿಂದ ಎಲ್ಲ ಒಂದೇ ಥರ ಕಾಣುವುದರಿಂದ ಕೇಳಿಯೇ ತೆಗೆದುಕೊಳ್ಳಿ. ಕ್ರೀಮಿಗೆ ಕೆಲವರು ಮೊಟ್ಟೆ ಸೇರಿಸುತ್ತಾರೆ. ಮೊಟ್ಟೆಯೂ ಬೇಡ ಅನ್ನುವವರಿಗೆ ಕುಲೂರಿ ಇದೆ, ಎಳ್ಳು ಮೆತ್ತಿದ ಬಳೆಯಾಕಾರದ ಬ್ರೆಡ್ಡು, ಬೀದಿಬದಿಯ ಗಾಡಿಗಳಲ್ಲೇ ಸಿಗುತ್ತದೆ.

ಈ ಬುಗಾತ್ಸ ಊರಿನಲ್ಲಿ ಹೀಗೆ ನೆಲೆಯೂರಲು ಕಾರಣ 1922-23ರಲ್ಲಿ ಇಂದಿನ ಟರ್ಕಿಯ ಏಷ್ಯಾ ಮೈನರಿನಿಂದ, ಕಾನ್‌ಸ್ಟಾಂಟಿನೋಪಲ್ ಕಡೆಯಿಂದ ಎಲ್ಲ ಕಳೆದುಕೊಂಡು ಬಂದ ನಿರಾಶ್ರಿತರು. ಬರಿಗೈಯಲ್ಲಿ ಬಂದರು, ಕೈಯಲ್ಲಿದ್ದ ಕಸುಬು ತಂದರು. ಈ ಊರಿನ ತಟ್ಟೆಯಲ್ಲಿರುವ ಖಾರ, ಮಸಾಲೆ, ದಾಲ್ಚಿನ್ನಿಗಳಲ್ಲಿ ಹೆಚ್ಚಿನದು ಅವರ ಮನೆಗಳಿಂದ ಬಂದದ್ದು. ಅಥೆನ್ಸಿನಲ್ಲಿ ಉಂಡು "ಸಪ್ಪೆ" ಅಂದವರು ಇಲ್ಲಿಗೆ ಬಂದು ಸುಮ್ಮನಾಗುವುದನ್ನು ನಾನು ನೋಡಿದ್ದೇನೆ.

ಎಂಟರಿಂದ ಹನ್ನೆರಡರವರೆಗೆ ನೋಡುವ ಕೆಲಸ. ಅಥೆನ್ಸಿನಲ್ಲಿ ಗುಡ್ಡದ ಮೇಲೆ ಒಂದು ಅಕ್ರೊಪೊಲಿಸ್ ಇದೆ, ಹತ್ತಿ ಇಳಿದರೆ ಮನಸ್ಸಿಗೆ ಒಂದು ಲೆಕ್ಕ ಸಿಗುತ್ತದೆ. ಥೆಸಲೋನಿಕಿ ಹಾಗಲ್ಲ. ಕ್ರಿಸ್ತಪೂರ್ವ 315ರ ಸುಮಾರಿಗೆ ಮ್ಯಾಸಿಡೋನಿಯದ ದೊರೆ ಕಸಾಂಡರ್ ಕಟ್ಟಿದ ಊರು, ಹೆಂಡತಿಯ ಹೆಸರಿಟ್ಟ. ಆಕೆ ಅಲೆಕ್ಸಾಂಡರನ ಮಲತಂಗಿ. ಅಂದಿನಿಂದ ಜನವಾಸ ತಪ್ಪಿಲ್ಲ. ಹಾಗಾಗಿ ಪುರಾತನವೆಲ್ಲ ಬಸ್ ನಿಲ್ದಾಣ, ಔಷಧಿ ಅಂಗಡಿಗಳ ನಡುವೆಯೇ ಇದೆ. ಮೊದಲ ದಿನಕ್ಕೆ ಎರಡೇ ಜಾಗ ಸಾಕು ಅಂತ ನನ್ನ ಅಭಿಪ್ರಾಯ. ಒಂದು ರೊಟುಂಡ ಎಂಬ ದುಂಡನೆಯ ಕಟ್ಟಡ, ಕ್ರಿಸ್ತಶಕ ನಾಲ್ಕನೆಯ ಶತಮಾನದ ಆರಂಭದಲ್ಲಿ ರೋಮನ್ ಚಕ್ರವರ್ತಿ ಗಲೇರಿಯಸ್ ಕಟ್ಟಿಸಿದ್ದು. ಗೋಡೆಯ ದಪ್ಪ ಆರು ಮೀಟರಿಗೂ ಹೆಚ್ಚು. ಆಮೇಲೆ ಚರ್ಚು, ಆಮೇಲೆ ಮಸೀದಿ, ಈಗ ಸ್ಮಾರಕ. ಪಕ್ಕದಲ್ಲಿ ನಿಂತಿರುವುದು ಊರಿನಲ್ಲಿ ಉಳಿದಿರುವ ಒಂದೇ ಮಿನಾರು. ಒಳಗೆ ಹೋಗಿ ಕತ್ತೆತ್ತಿ ಗುಮ್ಮಟದ ಮೊಸಾಯಿಕ್ ನೋಡುತ್ತಾ ಸುಮ್ಮನೆ ಅರ್ಧ ಗಂಟೆ ನಿಲ್ಲಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಚಿನ್ನದ ಚೂರುಗಳು ಆಮೇಲೆಯೇ ಕಾಣುವುದು.

ಇನ್ನೊಂದು ಸಂತ ದಿಮಿತ್ರಿಯೊಸನ ಚರ್ಚು. ಆತ ಈ ಊರಿನ ರಕ್ಷಕ. ಕೆಳಗೆ ನೆಲಮಾಳಿಗೆಯಲ್ಲಿ ರೋಮನ್ ಸ್ನಾನಗೃಹದ ಅವಶೇಷವಿದೆ. ಆತನನ್ನು ಕೊಂದದ್ದು ಅಲ್ಲೇ ಎಂಬುದು ನಂಬಿಕೆ. 1917ರ ಆಗಸ್ಟಿನಲ್ಲಿ ಒಂದು ಅಡುಗೆಮನೆಯ ಕಿಡಿಯಿಂದ ಹತ್ತಿದ ಬೆಂಕಿ ಕೆಳಗಿನ ಊರನ್ನೇ ನುಂಗಿ, ಸುಮಾರು 70 ಸಾವಿರ ಜನ ಮನೆ ಕಳೆದುಕೊಂಡಾಗ ಈ ಚರ್ಚೂ ಸುಟ್ಟಿತು. ಮತ್ತೆ ಕಟ್ಟಿ ಪೂಜೆಗೆ ತೆರೆದದ್ದು 1949ರಲ್ಲಿ. ಕೆಲವು ಕಲ್ಲುಗಳ ಮೇಲೆ ಉರಿಯ ಗುರುತು ಇನ್ನೂ ಇದೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಒಳಗೆ ಮುದುಕಿಯರು ಮೇಣದಬತ್ತಿ ಹಚ್ಚುತ್ತಿರುತ್ತಾರೆ, ಮುಖದ ಹತ್ತಿರ ಕ್ಯಾಮೆರಾ ಹಿಡಿಯಬೇಡಿ. ಬಿಳಿ ಗೋಪುರವನ್ನು ಹೊರಗಿನಿಂದ ನೋಡಿದರೆ ಮೊದಲ ದಿನಕ್ಕೆ ಸಾಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಸ್ಯಾಹಾರಿ ದಂಪತಿಗಳೇ, ನಿಮ್ಮ ದೊಡ್ಡ ಊಟ ಮಧ್ಯಾಹ್ನದ್ದಾಗಿರಲಿ, ಒಂದೂವರೆಯಿಂದ ಎರಡೂವರೆಯೊಳಗೆ. ಎಣ್ಣೆ-ಟೊಮ್ಯಾಟೊದಲ್ಲಿ ಬೇಯಿಸಿದ ಹುರುಳಿಕಾಯಿ, ಒಲೆಯಲ್ಲಿ ಬೆಂದ ದೊಡ್ಡ ಬಿಳಿ ಕಾಳು, ಬದನೆ, ಆಲೂಗಡ್ಡೆ, ಕುಂಬಳ ಜಾತಿಯ ತರಕಾರಿ ಸೇರಿಸಿದ ಬ್ರಿಯಾಮ್, ಅನ್ನ ತುಂಬಿದ ಟೊಮ್ಯಾಟೊ, ಇವೆಲ್ಲ ಬೆಳಿಗ್ಗೆ ಮಾಡಿ ಮಧ್ಯಾಹ್ನ ಬಡಿಸುವ ಮನೆಯಡುಗೆ. ರಾತ್ರಿಗೆ ಬಹಳ ಕಡೆ ಮುಗಿದಿರುತ್ತದೆ. ರಾತ್ರಿಯ ಮೆನುವಿನಲ್ಲಿ ಸುಟ್ಟ ಮಾಂಸ, ಮೀನು ಜಾಸ್ತಿ. "ಏನೂ ಸಿಗ್ತಿಲ್ಲ" ಅನ್ನುವ ದೂರಿನ ಬೇರು ಇದು. ಕಪಾನಿ ಮತ್ತು ಮೋದಿಯಾನೊ ಮಾರುಕಟ್ಟೆಗಳ ಆಸುಪಾಸಿನಲ್ಲಿ ಕೆಲಸಗಾರರು ಉಣ್ಣುವ ಸಣ್ಣ ಊಟದಮನೆಗಳಿವೆ. ಅಲ್ಲಿ ಹೋಗಿ, ಗಾಜಿನ ಹಿಂದಿನ ತಟ್ಟೆಗಳನ್ನು ಬೆರಳು ಮಾಡಿ ತೋರಿಸಿ. ಉಗುರುಬೆಚ್ಚಗೆ ಬಡಿಸುತ್ತಾರೆ, ಅದು ಅಲ್ಲಿನ ಪದ್ಧತಿ, ಹಳಸಿದ್ದಲ್ಲ. ದಯವಿಟ್ಟು ಕುದಿಸಿ ಕೊಡಿ ಅಂತ ಹಟ ಮಾಡಬೇಡಿ.

ತುಮಕೂರಿನ ಒಂದು ದಂಪತಿ, ಯಜಮಾನರು ಬ್ಯಾಂಕಿನಿಂದ ನಿವೃತ್ತರು. ಮೊದಲ ಸಂಜೆ ದಂಡೆಯ ಮೇಲೆ ಕೂತು, "ರೀ, ನನಗೆ ಹಸಿವಿಲ್ಲ, ನೀವು ತಿನ್ನಿ" ಅಂತ ಆಕೆ ಬರೀ ಬ್ರೆಡ್ಡು ಮುರಿದು ತಿಂದಿದ್ದರು. ಯಜಮಾನರು ಫೋನಿನಲ್ಲಿ ನನ್ನ ಮೇಲೆ ರೇಗಿದರು. ಮಾರನೆಯ ದಿನ ಎರಡು ಗಂಟೆಗೆ ಮಾರುಕಟ್ಟೆಯ ಹತ್ತಿರ ಹೋಗಿ ಅಂದೆ. ಅಡುಗೆಯಾಕೆ ಆಕೆಯನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಪಾತ್ರೆಗಳ ಮುಚ್ಚಳ ಒಂದೊಂದಾಗಿ ತೆಗೆದು ತೋರಿಸಿದರಂತೆ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆ ಸಂಜೆ ಆಕೆಯೇ ಫೋನು ಮಾಡಿ, "ಹುರುಳಿಕಾಯಿಗೆ ಅಷ್ಟು ಎಣ್ಣೆ ಹಾಕ್ತಾರಲ್ಲ, ಆದ್ರೂ ಹೊಟ್ಟೆ ಭಾರ ಆಗ್ಲಿಲ್ಲ ನೋಡಿ" ಅಂದರು. ಇಂಥ ಫೋನು ಬಂದ ದಿನ ನನಗೂ ಊಟ ರುಚಿಸುತ್ತದೆ.

ಇಲ್ಲೊಂದು ಎಚ್ಚರಿಕೆ. ಗ್ರೀಕ್ ಆರ್ಥೊಡಾಕ್ಸ್ ಚರ್ಚಿನಲ್ಲಿ ಉಪವಾಸದ ದಿನಗಳು ಬಹಳ: ಬುಧವಾರ, ಶುಕ್ರವಾರ, ಈಸ್ಟರಿಗೆ ಮುಂಚಿನ ವಾರಗಳು, ಆಗಸ್ಟಿನ ಮೊದಲ ಎರಡು ವಾರ. ಆ ದಿನಗಳ ಅಡುಗೆಗೆ ನಿಸ್ತೀಸಿಮ ಅನ್ನುತ್ತಾರೆ. ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಇಂಟರ್ನೆಟ್ಟಿನಲ್ಲಿ ಓದಿಕೊಂಡು ಬಂದವರು ಇದನ್ನು ಶುದ್ಧ ಸಸ್ಯಾಹಾರ ಅಂದುಕೊಳ್ಳುತ್ತಾರೆ. ಅಲ್ಲ. ಸಿಗಡಿ, ಕಪ್ಪೆಚಿಪ್ಪು, ಸ್ಕ್ವಿಡ್, ಆಕ್ಟೋಪಸ್ ಅವರ ಉಪವಾಸಕ್ಕೆ ನಡೆಯುತ್ತವೆ. ತಿಳಿಗುಲಾಬಿ ಬಣ್ಣದ ತರಮಸಲಾತ ಮೀನಿನ ಮೊಟ್ಟೆಯದು, ನೋಡಲು ಮೊಸರಿನ ಗೊಜ್ಜಿನ ಹಾಗೆಯೇ ಇರುತ್ತದೆ. ತುಂಬಿದ ಟೊಮ್ಯಾಟೊದಲ್ಲೂ ದ್ರಾಕ್ಷಿ ಎಲೆಯ ಸುರುಳಿಯಲ್ಲೂ ಕೆಲವು ಕಡೆ ಕೊಚ್ಚಿದ ಮಾಂಸ ಇರುತ್ತದೆ. ಮಾಂಸ ಬೇಡ, ಮೀನು ಬೇಡ, ಸಮುದ್ರದ್ದು ಯಾವುದೂ ಬೇಡ ಅಂತ ಮೂರನ್ನೂ ಬಿಡಿಯಾಗಿ ಹೇಳಿ. ಗ್ರೀಕಿನಲ್ಲಿ ಒಂದು ಚೀಟಿ ಬರೆಸಿ ಇಟ್ಟುಕೊಂಡರೆ ಒಳ್ಳೆಯದು. ಒಂದೇ ಬಾಣಲೆ, ಒಂದೇ ಎಣ್ಣೆ ಬಳಸುತ್ತಾರೋ ಇಲ್ಲವೋ ಅಂತ ಮಾತ್ರ ನಾನು ಖಾತ್ರಿ ಕೊಡಲಾರೆ.

ಊಟವಾದ ಮೇಲೆ ಮಲಗಿ. ಬೇಸಿಗೆಯಲ್ಲಿ ಮಧ್ಯಾಹ್ನ ಮೂರರಿಂದ ಐದೂವರೆ ಅಲ್ಲಿ ಕಾನೂನಿನ ಪ್ರಕಾರವೇ ಗದ್ದಲ ಮಾಡಬಾರದ ಹೊತ್ತು. ಸಣ್ಣ ಅಂಗಡಿಗಳು ಹಲವು ಮುಚ್ಚಿರುತ್ತವೆ. "ಅಷ್ಟು ದುಡ್ಡು ಕೊಟ್ಟು ಮಲಗೋಕೆ ಬಂದಿದ್ದೀವಾ" ಅಂತ ಗಂಡಸರು ಕೇಳುತ್ತಾರೆ. ಎರಡು ಗಂಟೆ ಮಲಗದವರಿಗೆ ರಾತ್ರಿಯ ಥೆಸಲೋನಿಕಿ ಸಿಗುವುದಿಲ್ಲ, ಎಂಟೂವರೆಗೇ ಕಣ್ಣು ಎಳೆಯುತ್ತದೆ. ಮಲಗಲು ಆಗದೇ ಇದ್ದರೆ ಮೆಟ್ರೊದ ವೆನಿಜೇಲು ನಿಲ್ದಾಣಕ್ಕೆ ಇಳಿಯಿರಿ. 2024ರ ನವೆಂಬರಿನಲ್ಲಿ ಶುರುವಾದ ಈ ಮೆಟ್ರೊ ಅಗೆಯುವಾಗ ಸಿಕ್ಕ ಅಮೃತಶಿಲೆ ಹಾಸಿನ ಹಳೆಯ ಬೀದಿಯನ್ನು ವರ್ಷಗಟ್ಟಲೆ ವಾದವಾದ ಮೇಲೆ ನಿಲ್ದಾಣದಲ್ಲೇ ಇಟ್ಟಿದ್ದಾರೆ.

ಆರು ಗಂಟೆಗೆ ಹಸಿವಾದರೆ ಊಟ ಬೇಡ, ಕಾಫಿ ಕುಡಿಯಿರಿ. ಊರಿನವರೂ ಅದನ್ನೇ ಮಾಡುವುದು. ನೊರೆ ತುಂಬಿದ ತಣ್ಣನೆಯ ಫ್ರಾಪೆ ಹುಟ್ಟಿದ್ದೇ ಇಲ್ಲಿ, 1957ರ ಅಂತರರಾಷ್ಟ್ರೀಯ ಮೇಳದಲ್ಲಿ. ಒಂದು ಲೋಟ ಹಿಡಿದು ಎರಡು ಗಂಟೆ ಕೂತರೂ ಏಳಿ ಅನ್ನುವವರಿಲ್ಲ. ಜೊತೆಗೆ ತ್ರಿಕೋನಾಕಾರದ ಗರಿಗರಿ ಪದರದೊಳಗೆ ಕ್ರೀಮು ತುಂಬಿದ ತ್ರಿಗೊನ ಎಂಬ ಸಿಹಿ ಒಂದನ್ನು ಇಬ್ಬರೂ ಹಂಚಿಕೊಳ್ಳಿ. ಬಿಸಿಲು ಇಳಿದ ಮೇಲೆ ಬಸ್ಸು ಹತ್ತಿ ಮೇಲಿನ ಊರಿಗೆ, ಆನೊ ಪೋಲಿಗೆ ಹೋಗಿ. 1917ರ ಬೆಂಕಿ ಮುಟ್ಟದ ಓಣಿಗಳು ಅಲ್ಲಿವೆ. ಕೋಟೆಗೋಡೆಯ ಬಳಿ ನಿಂತರೆ ಕೊಲ್ಲಿಯೆಲ್ಲ ಕೆಳಗೆ. ಇಳಿಯುವಾಗ ಕಲ್ಲುಹಾಸು ಜಾರುತ್ತದೆ, ಮಂಡಿ ನೋವಿದ್ದವರು ಬಸ್ಸಿನಲ್ಲೇ ಬನ್ನಿ.

ಒಂಬತ್ತಕ್ಕೆ ಈಗ ಊಟಕ್ಕೆ ಕೂರಿ. ಒಬ್ಬರಿಗೊಂದು ತಟ್ಟೆ ಅಂತ ಹೇಳಬೇಡಿ, ಮೂರ್ನಾಲ್ಕು ಸಣ್ಣ ತಟ್ಟೆ ತರಿಸಿ ನಡುವೆ ಇಟ್ಟುಕೊಳ್ಳಿ. ಬುಯುರ್ದಿ ತಪ್ಪದೆ ಇರಲಿ: ಮಣ್ಣಿನ ಬಟ್ಟಲಲ್ಲಿ ಫೆಟಾ ಚೀಸು, ಟೊಮ್ಯಾಟೊ, ಹಸಿಮೆಣಸಿನಕಾಯಿ ಹಾಕಿ ಒಲೆಯಲ್ಲಿ ಕುದಿಸಿದ್ದು. ಸುಟ್ಟ ಬದನೆಯ ಸಲಾತ, ಫ್ಲೋರಿನದ ಕೆಂಪು ಮೆಣಸು, ಬೇಯಿಸಿದ ಕಾಡುಸೊಪ್ಪಿಗೆ ನಿಂಬೆ. ಬ್ರೆಡ್ಡು ಕೇಳದೆಯೇ ಬರುತ್ತದೆ, ಅದಕ್ಕೂ ಬಿಲ್ಲಿನಲ್ಲಿ ಸ್ವಲ್ಪ ದುಡ್ಡು ಹಾಕುತ್ತಾರೆ, ಮೋಸವಲ್ಲ. ಮೀನು ತಿನ್ನುವವರು ತೂಕ ಹಾಕಿಸಿ ಬೆಲೆ ಕೇಳಿಕೊಂಡೇ ಹೂಂ ಅನ್ನಿ, ತಾಜಾ ಮೀನಿಗೆ ಮೆನುವಿನಲ್ಲಿರುವುದು ಕಿಲೋ ಲೆಕ್ಕ. ಕೇಳುವವರೆಗೆ ಬಿಲ್ಲು ತರುವುದಿಲ್ಲ, ಎಬ್ಬಿಸುವುದು ಅಲ್ಲಿ ಅಗೌರವ. "ಅರ್ಧ ಗಂಟೆ ಆಯ್ತು, ನಮ್ಮನ್ನ ಮರೆತೇಬಿಟ್ರು" ಅಂತ ಸಿಟ್ಟಾಗಬೇಡಿ. ಬಹಳ ಕಡೆ ಕೊನೆಗೆ ರವೆಯ ಹಲ್ವವನ್ನೋ ಹಣ್ಣನ್ನೋ ಊಟದಮನೆಯವರು ತಮ್ಮ ಲೆಕ್ಕದಲ್ಲೇ, ದುಡ್ಡಿಲ್ಲದೆ ತಂದಿಡುತ್ತಾರೆ. ಅದನ್ನು ಬೇಡ ಅನ್ನಬೇಡಿ.

ಭಾನುವಾರ ಬಂದಿಳಿಯುವವರಿಗೆ ಒಂದು ಬದಲಾವಣೆ. ಕಪಾನಿಯ ಅಂಗಡಿಗಳು ಅಂದು ಮುಚ್ಚಿರುತ್ತವೆ, ಸಂತ ದಿಮಿತ್ರಿಯೊಸನ ಚರ್ಚಿನಲ್ಲಿ ಬೆಳಿಗ್ಗೆ ಪೂಜೆ ನಡೆಯುತ್ತಿರುತ್ತದೆ. ಅಂದು ಬೆಳಿಗ್ಗೆ ಕಡಲಂಚು, ರೊಟುಂಡಗಳಿಗೆ ಹೋಗಿ, ಚರ್ಚನ್ನು ಸಂಜೆಗೆ ಇಟ್ಟುಕೊಳ್ಳಿ. ಮಧ್ಯಾಹ್ನದ ಊಟಕ್ಕೆ ಮನೆಮಂದಿಯೆಲ್ಲ ಹೊರಗೆ ಬರುವ ದಿನ ಅದು, ಮೇಜು ಮುಂಚೆಯೇ ಹೇಳಿಡಿ, ಎರಡು ಗಂಟೆಗೆ.